ಗೇರುಮರದ ರೇಷ್ಮೆ ಮತ್ತು ಕೋಯನ ಕಾಲು

ಹಿಲರಿ ಕ್ರಾಸ್ತಾನಿಗೆ ಯಾರಿಗೂ 'ಇಲ್ಲ' ಎಂದು ಹೇಳಿ ಅಭ್ಯಾಸವಿರಲಿಲ್ಲ. ಕುಂಜತ್ತೂರಿನವರು ಇದನ್ನು ದೊಡ್ಡ ಗುಣವೆಂದು ಕೊಂಡಾಡುತ್ತಿದ್ದರು. ಇದೊಂದು ಕಾಯಿಲೆ ಎನ್ನುತ್ತಿದ್ದವನು ಊರಿನಲ್ಲಿ ನಾನೊಬ್ಬನೇ. ಒಂದೇ ದಿನ ಎರಡು ಮದುವೆಗೆ ಕರೆ ಬಂದರೆ ಎರಡು ಕಡೆಗೂ 'ಖಂಡಿತ ಬರ್ತೇನೆ' ಎನ್ನುತ್ತಿದ್ದ. ಆ ದಿನ ಬಂದಾಗ ಯಾರಿಗೆ ಬೇಸರ ಮಾಡುವುದೆಂದು ತಿಳಿಯದೆ, ಎರಡಕ್ಕೂ ಹೋಗದೆ, ಮನೆಯ ಹಿಂದಿನ ಜಗಲಿಯಲ್ಲಿ ಉಗುರು ಕಚ್ಚುತ್ತ ಕುಳಿತಿರುತ್ತಿದ್ದ. ಚರ್ಚಿನ ಗಾಯನ ಮಂಡಳಿಗೆ ಸೇರಬೇಕೆಂದು ಪಾದ್ರಿಗಳು ಕೇಳಿದಾಗ, ಶ್ರುತಿಯ ಗಂಧಗಾಳಿಯಿಲ್ಲದ ಈ ಮನುಷ್ಯ ಒಪ್ಪಿಕೊಂಡು, ಹಿಂದಿನ ಸಾಲಿನಲ್ಲಿ ನಿಂತು ವರ್ಷಗಟ್ಟಲೆ ಬರೇ ತುಟಿ ಆಡಿಸಿದ.

ಹಿಲರಿ, ಜವಳಿ ಅಂಗಡಿಯ ಕೋಯ ಮತ್ತು ನಾನು, ಮೂವರೂ ಊರ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು. ನಾನು ಅದೇ ಶಾಲೆಗೆ ಕನ್ನಡ ಮಾಷ್ಟ್ರಾಗಿ ಮರಳಿದೆ. ಕೋಯ ತಂದೆಯ ಅಂಗಡಿಯಲ್ಲಿ ಕುಳಿತ. ಹಿಲರಿ ಮಂಗಳೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕನಾಗಿ, ಬೆಳಿಗ್ಗೆ ಬಸ್ಸು ಹತ್ತಿ ಕರ್ನಾಟಕಕ್ಕೆ ಹೋಗಿ ಪಾಠ ಮಾಡಿ, ಸಂಜೆ ಗಡಿ ದಾಟಿ ಕೇರಳದ ನಮ್ಮ ಊರಿಗೆ ಬಂದು ಚಹಾ ಕುಡಿಯುತ್ತಿದ್ದ. ಆ ಚಹಾ ಕೋಯನ ಅಂಗಡಿಯ ಮುಂದಿನ ಬೆಂಚಿನಲ್ಲೇ ಆಗಬೇಕು. ಅವರಿಬ್ಬರೇ ಇದ್ದಾಗ ತುಳುವಿನಲ್ಲಿ ಮಾತು, ನಾನು ಬಂದು ಕುಳಿತರೆ ಕನ್ನಡ. ನಾನು ಒತ್ತಾಯ ಮಾಡಿದ್ದಲ್ಲ. ಮಾಷ್ಟ್ರ ಮೇಲಿನ ಗೌರವ ಎಂದು ನನ್ನ ಲೆಕ್ಕ. ಕೋಯನನ್ನು ಕೇಳಿದರೆ ಬೇರೆಯೇ ಕಾರಣ ಹೇಳಿಯಾನು.

ಹಿಲರಿಗೆ ಗೇರುಹುಳದ ಹುಚ್ಚು ಹತ್ತಿದ್ದು ಎಂಬತ್ತಾರರಲ್ಲಿ. ನಮ್ಮ ಗುಡ್ಡದ ಗೇರುಮರಗಳಿಗೆ ಕೆಲವು ವರ್ಷ ಒಂದು ಜಾತಿಯ ಕಂಬಳಿಹುಳ ಬೀಳುತ್ತದೆ. ಎಲೆಯನ್ನೆಲ್ಲ ತಿಂದು ಮರವನ್ನು ಬೋಳು ಮಾಡಿ, ಕೊನೆಗೆ ಕೊಂಬೆಗಳಲ್ಲಿ ಗುಂಪುಗುಂಪಾಗಿ ಚಿನ್ನದ ಬಣ್ಣದ, ಬಲೆಯಂಥ ಗೂಡು ಕಟ್ಟುತ್ತದೆ. ಮೈಗೆ ತಾಗಿದರೆ ತುರಿಕೆ. ಊರಿಗೆ ಊರೇ ಆ ಹುಳಕ್ಕೆ ಶಾಪ ಹಾಕುತ್ತಿರುವಾಗ ಹಿಲರಿ ಕೊಡೆಯನ್ನು ತಲೆಕೆಳಗಾಗಿ ಬಿಡಿಸಿ ಹಿಡಿದು, ಉದ್ದದ ಕೋಲಿನಿಂದ ಗೂಡುಗಳನ್ನು ಅದರೊಳಗೆ ಬೀಳಿಸುತ್ತ ಹಿತ್ತಿಲಿಂದ ಹಿತ್ತಿಲಿಗೆ ಹೋಗುತ್ತಿದ್ದ. 'ನಮ್ಮ ಮರದ್ದೂ ತೆಗೀರಿ' ಎಂದು ಜನ ಕರೆಯತೊಡಗಿದರು. ಇವನಿಗೋ ಆಗುವುದಿಲ್ಲ ಎನ್ನಲು ಬಾರದು. ಆ ಬೇಸಗೆಯಲ್ಲಿ ಕುಂಜತ್ತೂರಿನ ಅರ್ಧ ಗೇರುಮರಗಳನ್ನು ಪುಕ್ಕಟೆಯಾಗಿ ಚೊಕ್ಕ ಮಾಡಿಕೊಟ್ಟ ಕೀರ್ತಿ ವಿಜ್ಞಾನಕ್ಕೆ ಸಲ್ಲುತ್ತದೆ.

ಇದೆಲ್ಲ ಯಾಕೆ ಎಂದು ಒಂದು ಸಂಜೆ ಕೋಯ ಕೇಳಿದ. ಹಿಲರಿ ಅದಕ್ಕೇ ಕಾದಿದ್ದವನಂತೆ, ಗಿರಾಕಿಗೆ ತೋರಿಸಲು ಬಿಡಿಸಿಟ್ಟಿದ್ದ ರೇಷ್ಮೆ ಸೀರೆಯ ಅಂಚಿನಿಂದ ಒಂದು ಎಳೆಯನ್ನು ಎಳೆದೇ ಬಿಟ್ಟ.

"ನೋಡು, ಹುಳ ಉಗುಳುವಾಗ ಈ ಎಳೆಯಲ್ಲಿ ಎರಡು ಪ್ರೋಟೀನು ಇರ್ತದೆ. ಒಳಗೆ ನಾರು, ಹೊರಗೆ ಅಂಟು. ಸೋಡ ಹಾಕಿ ಕುದಿಸಿದರೆ ಅಂಟು ಹೋಗ್ತದೆ. ಉಳಿದ ನಾರಿನ ಹತ್ತಿರ ನಮ್ಮ ಮೈ ಅಷ್ಟಾಗಿ ಜಗಳ ಮಾಡುವುದಿಲ್ಲ. ಡಾಕ್ಟ್ರುಗಳು ಗಾಯ ಹೊಲಿಯುವುದು ಯಾವ ನೂಲಲ್ಲಿ ಅಂತ ಮಾಡಿದ್ದಿ? ರೇಷ್ಮೆ ನೂಲಲ್ಲಿ. ಅದನ್ನೇ ಕರಗಿಸಿ ತೆಳು ಪೊರೆ ಮಾಡಿ ಗಾಯದ ಮೇಲೆ ಹೊದಿಸಿದರೆ ಹೇಗೆ? ಅದರ ಅಡಿಯಲ್ಲಿ ಹೊಸ ಚರ್ಮ ನಿಧಾನಕ್ಕೆ ಬೆಳೀತದೆ."

"ರೇಷ್ಮೆಯನ್ನು ಕರಗಿಸುವುದಾ?" ಕೋಯ ಸೀರೆಯನ್ನು ಕಸಿದುಕೊಂಡು ಮಡಿಸಿದ. "ನಿನ್ನನ್ನು ಇನ್ನು ಅಂಗಡಿಯ ಒಳಗೆ ಬಿಡುವುದಿಲ್ಲ ಮಾರಾಯ. ಬೆಂಚಿನಲ್ಲೇ ಕೂತ್ಕೊ."

ಪೇಟೆಯಲ್ಲಿ ಸಿಗುವ ಹಿಪ್ಪುನೇರಳೆಯ ರೇಷ್ಮೆಯಲ್ಲಿ ಈ ಕೆಲಸವನ್ನು ಹೊರದೇಶದವರು ಆಗಲೇ ಮಾಡುತ್ತಿದ್ದರಂತೆ. ಆದರೆ ಹಿಲರಿಗೆ ನಮ್ಮ ಗುಡ್ಡದ ಹುಳವೇ ಆಗಬೇಕು. ಬಯ್ಗುಳ ತಿಂದೇ ಬದುಕುವ ಆ ಪ್ರಾಣಿಗೆ ಒಂದು ಮರ್ಯಾದೆ ಕೊಡಿಸಬೇಕೆಂದು ಅವನು ಹಟ ಹಿಡಿದಿದ್ದ. ಇಂಥ ಅಭಿಮಾನದಿಂದ ವಿಜ್ಞಾನಕ್ಕೆ ಒಳ್ಳೆಯದಾಗುತ್ತದೋ ಇಲ್ಲವೋ ನನಗೆ ತಿಳಿಯದು. ಅವನ ಹೆಂಡತಿ ಮಗ್ದಲಿನ್‌ಗಂತೂ ಆಗಲಿಲ್ಲ. ಅವಳ ಹಂದಿ ಸಾರಿನ ದೊಡ್ಡ ಪಾತ್ರೆ ಗೂಡು ಬೇಯಿಸಲು ಹೋಯಿತು. ಸೋಡದಲ್ಲಿ ಸತ್ತ ಹುಳ ಕುದಿಯುವ ವಾಸನೆಗೆ ನೆಂಟರು ಗೇಟಿನಿಂದಲೇ ಮಾತಾಡಿಸಿ ಹೋಗುತ್ತಿದ್ದರು. ಒಮ್ಮೆ ಹೋಲಿಸಿ ನೋಡಲು ಹಳೆಯ ಒಳ್ಳೆಯ ರೇಷ್ಮೆ ಬೇಕಾಯಿತೆಂದು, ಮದುವೆಯಲ್ಲಿ ಅವಳು ಉಟ್ಟಿದ್ದ ಸಾಡೊ ಎಂಬ ಕೆಂಪು ಸೀರೆಯ ಒಳಮಡಿಕೆಯಿಂದ ಬೆರಳಗಲ ಕತ್ತರಿಸಿಕೊಂಡ. ಅವಳು ಅದನ್ನು ಕಂಡದ್ದು ತಂಗಿಯ ಮಗಳ ಮದುವೆಗೆ ಸೀರೆ ಬಿಚ್ಚಿದಾಗ. ಆ ವರ್ಷ ಕ್ರಾಸ್ತಾರ ಮನೆಯಲ್ಲಿ ಮಾಂಸ ಬೇಯಿಸದ ತಪಸ್ಸಿನ ಕಾಲ ಈಸ್ಟರ್ ಕಳೆದ ಮೇಲೂ ಮುಂದುವರಿಯಿತು.

ಕೋಯನಿಗೂ ರೇಷ್ಮೆಗೂ ಇದ್ದ ಸಂಬಂಧ ಬೇರೆ ರೀತಿಯದ್ದು. ಆ ಸಾಡೊ ಕೂಡ ಅವನ ಅಂಗಡಿಯದ್ದೇ. ಆಸುಪಾಸಿನ ಮದುಮಗಳಂದಿರಿಗೆಲ್ಲ ರೇಷ್ಮೆ ಅಳೆದುಕೊಟ್ಟ ಕೈ ಅದು. ಆದರೆ ಗಂಡಸರು ರೇಷ್ಮೆ ತೊಡಬಾರದೆಂದು ಅವರ ಧರ್ಮದಲ್ಲಿ ನಿಯಮವುಂಟು, ಕೋಯ ಅದನ್ನು ಚಾಚೂ ತಪ್ಪದೆ ಪಾಲಿಸುವವನು. ಅಳಿಯ ಯೂಸುಫ್ ದುಬಾಯಿಯಿಂದ ತಂದುಕೊಟ್ಟ ಮಿರುಗುವ ಶರಟನ್ನು ನೂಲು ಸುಟ್ಟು, ಮೂಸಿ, ರೇಷ್ಮೆಯಾಗಿದ್ದರೆ ಬರಬೇಕಾದ ಕೂದಲು ಸುಟ್ಟ ವಾಸನೆ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಹಾಕಿಕೊಂಡ. ಶರಟಿನಲ್ಲಿ ಒಂದು ಸಣ್ಣ ತೂತು ಉಳಿಯಿತು.

ಹಿಲರಿಯ ಪೊರೆ ಸುಲಭಕ್ಕೆ ಆಗಲಿಲ್ಲ. ಗೇರುಹುಳದ ನಾರು ಮೊಂಡು ಜಾತಿಯದ್ದು, ಮಾಮೂಲು ರೇಷ್ಮೆ ಕರಗುವ ದ್ರಾವಣದಲ್ಲಿ ಇದು ಕರಗದು. ಅಂತೂ ಕರಗಿಸಿ ಗಾಜಿನ ಮೇಲೆ ಹರಡಿದರೆ ಮಳೆಗಾಲದಲ್ಲಿ ಒಣಗುವ ಬದಲು ಬೂಸ್ಟು ಹಿಡಿಯಿತು. ಮಗ್ದಲಿನ್‌ಗೆ ಕನಿಕರ ಬಂದು ಗಾಜಿನ ತುಂಡುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣ ಸಿಗಡಿಯ ಪಕ್ಕ ಇಟ್ಟಳು. ಅಲ್ಲಿ ಬೇಡ ಎಂದು ಹೇಳಲು ಇವನಿಗೆ ಬಾಯಿ ಬರಬೇಕಲ್ಲ. ಪೊರೆ ಒಣಗಿತು, ಆದರೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಅದನ್ನು ಹೊರತೆಗೆದಾಗ ವಿದ್ಯಾರ್ಥಿಗಳಿಗೆಲ್ಲ ಹಸಿವಾಯಿತಂತೆ. ಕಾಲೇಜು ಒಂದು ಒಣಗಿಸುವ ಪೆಟ್ಟಿಗೆ ತರಿಸಿಕೊಟ್ಟ ಮೇಲೆ ಕೆಲಸ ಹಿಡಿತಕ್ಕೆ ಬಂತು. ತೊಂಬತ್ತೆರಡರ ಕೊನೆಗೆ ನೀರುಳ್ಳಿಯ ಒಳಗಿನ ತೆಳು ಸಿಪ್ಪೆಯಂಥ ಒಂದು ಪೊರೆಯನ್ನು ಬೆಳಕಿಗೆ ಹಿಡಿದು ನಮಗೆ ತೋರಿಸಿದ. ನಿಜ ಹೇಳಬೇಕೆಂದರೆ ನನಗೂ ಹೆಮ್ಮೆಯೆನಿಸಿತು.

ಆಮೇಲೆ ಮೊಲಗಳ ಸರದಿ. ಮೊಲದ ಬೆನ್ನಿನಲ್ಲಿ ಎರಡು ಸಣ್ಣ ಗಾಯ ಮಾಡಿ, ಒಂದಕ್ಕೆ ಪೊರೆ, ಇನ್ನೊಂದಕ್ಕೆ ಬರೇ ಬಟ್ಟೆ.

"ಮೊಲದ ಗಾಯ ಸುಮ್ಮನೆ ಬಿಟ್ಟರೂ ಒಣಗ್ತದಲ್ಲ?" ಎಂದೆ ನಾನು.

"ಅದಕ್ಕೇ ಶಂಕರ, ಎರಡು ಗಾಯ. ಯಾವುದು ಮೊದಲು ಒಣಗ್ತದೆ ಅಂತ ನೋಡ್ಲಿಕ್ಕೆ."

ಪೊರೆ ಹೊದಿಸಿದ ಗಾಯವೇ ಮೊದಲು ಒಣಗಿತು. ಹಿಲರಿ ಆ ಸಂಜೆ ಬಸ್ಸಿನಿಂದ ಇಳಿದು ಬಂದ ಗತ್ತು ನೋಡಬೇಕಿತ್ತು. ಬೆಂಚಿನಲ್ಲಿ ಕುಳಿತು ಹೊಸ ಚರ್ಮ ಅಂಚಿನಿಂದ ಹೇಗೆ ಹರಿದು ಬಂತು, ಎಷ್ಟು ನಯವಾಗಿ ಮುಚ್ಚಿಕೊಂಡಿತು ಎಂದು ಬಣ್ಣಿಸಿದ್ದೇ ಬಣ್ಣಿಸಿದ್ದು. ಕೋಯ ಅಂದು ಒಂದು ತಮಾಷೆಯನ್ನೂ ಮಾಡಲಿಲ್ಲ. ಕಾಲನ್ನು ಬೆಂಚಿನ ಅಡಿಗೆ ಎಳೆದುಕೊಂಡು ಗಮನವಿಟ್ಟು ಕೇಳಿದ. ಇವನಿಗೆ ಯಾವಾಗಿನಿಂದ ವಿಜ್ಞಾನದ ರುಚಿ ಹತ್ತಿತು ಎಂದು ನಾನು ಆಶ್ಚರ್ಯಪಟ್ಟೆ.

ಕಾರಣ ಕೆಲವು ದಿನಗಳ ಮೇಲೆ ತಿಳಿಯಿತು. ಕೋಯನಿಗೆ ಸಕ್ಕರೆ ಕಾಯಿಲೆ ಇದ್ದದ್ದು ನಮಗೆ ಗೊತ್ತಿತ್ತು. ಯೂಸುಫ್ ತಂದ ಹೊಸ ಚಪ್ಪಲಿ ಬಲಗಾಲಿನ ಹೆಬ್ಬೆರಳನ್ನು ಕಚ್ಚಿ ಗುಳ್ಳೆಯೆದ್ದು ಒಡೆದು ಹುಣ್ಣಾಗಿತ್ತು. ನೋವೇ ಇರಲಿಲ್ಲವಾದ್ದರಿಂದ ಅವನು ಲೆಕ್ಕಕ್ಕೇ ಇಡಲಿಲ್ಲ. ಕೊನೆಗೆ ಮಂಗಳೂರಿನ ಡಾಕ್ಟರೊಬ್ಬರು ನೋಡಿ, ಆಸ್ಪತ್ರೆಗೆ ಸೇರಿ, ಹುಣ್ಣನ್ನು ಚೊಕ್ಕ ಮಾಡಬೇಕು, ಬೆರಳು ತೆಗೆಯಬೇಕಾದರೂ ಆದೀತು ಎಂದಿದ್ದರು. ಕೋಯ ಅಲ್ಲಿಂದ ಎದ್ದು ಬಂದವನು ಮತ್ತೆ ಹೋಗಿರಲಿಲ್ಲ. ಅವನ ತಂದೆಗೆ ಇದೇ ಕಾಯಿಲೆ. ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಕತ್ತಿ ಒಮ್ಮೆ ತಾಗಿದರೆ ಅದು ಮೇಲಕ್ಕೇ ಬರುತ್ತದೆ ಎಂದು ಕೋಯ ನಂಬಿದ್ದ. ತಂದೆಯನ್ನು ಎತ್ತಿ ಅಂಗಡಿಯಲ್ಲಿ ಕೂರಿಸುತ್ತಿದ್ದವನು ಅವನೇ, ಆದ್ದರಿಂದ ಅವನ ಹೆದರಿಕೆಯನ್ನು ಕಂಡು ನಾನು ನಗಲಾರೆ.

"ನಿನ್ನ ಮೊಲಕ್ಕೆ ಹಾಕಿದ್ದನ್ನು ನನಗೂ ಒಂದು ಹಾಕು ಮಾರಾಯ," ಎಂದ ಕೋಯ. ದನಿ ತಮಾಷೆಯದ್ದು, ಕಣ್ಣು ತಮಾಷೆಯದ್ದಲ್ಲ. "ನಾನು ಮೊಲಕ್ಕಿಂತ ಕಡೆಯಾ?"

ಹಿಲರಿ ಬೆವರಿದ. ಹೇಳಬೇಕಾದ ಉತ್ತರ ಸರಳವಾಗಿತ್ತು. ಅದನ್ನು ಮನುಷ್ಯರ ಮೇಲೆ ಒಮ್ಮೆಯೂ ಹಾಕಿ ನೋಡಿಲ್ಲ, ಸಕ್ಕರೆ ಕಾಯಿಲೆಯ ಹುಣ್ಣೆಂದರೆ ಮೊಲದ ಗೀರುಗಾಯವಲ್ಲ, ಒಳಗೆ ಕೀವಿದ್ದರೆ ಮೇಲಿಂದ ಮುಚ್ಚುವುದೇ ಅಪಾಯ. ಇದೆಲ್ಲ ಆಮೇಲೆ ನನಗೆ ವಿವರವಾಗಿ ಹೇಳಿದ. ಆದರೆ ಅಂದು ಕೋಯನ ಮುಖ ನೋಡಿ ಅವನ ಬಾಯಿಂದ ಬಂದದ್ದು ಬೇರೆ.

"ಅಲ್ಲ ಕೋಯ, ನಿಮ್ಮಲ್ಲಿ ಗಂಡಸರಿಗೆ ರೇಷ್ಮೆ ಆಗುವುದಿಲ್ಲ ಅಲ್ಲವಾ? ಇದು ಪೂರ್ತಿ ರೇಷ್ಮೆಯೇ."

ಕೋಯ ತನ್ನ ಕಾಲಿನತ್ತ ನೋಡಿಕೊಂಡ. "ಹೌದಲ್ಲ. ಅದು ನನಗೆ ಹೊಳೀಲೇ ಇಲ್ಲ," ಎಂದು ಒಳಗೆ ಹೋದ.

ಮನೆಗೆ ನಡೆಯುವಾಗ ನಾನು ಹಿಲರಿಗೆ ಬಾಯಿಗೆ ಬಂದಂತೆ ಬೈದೆ. "ಇಲ್ಲ ಅಂತ ಹೇಳ್ಲಿಕ್ಕೆ ನಿನಗೆ ಅವನ ದೇವರೇ ಬೇಕಾಯ್ತಾ? ಆಗುವುದಿಲ್ಲ, ಆಸ್ಪತ್ರೆಗೆ ಹೋಗು ಅಂದರೆ ಮುಗೀತು."

"ನಾನು ಹೇಳಿದರೆ ಅವನಿಗೆ ಬೇಸರ ಆಗ್ತದೆ ಶಂಕರ. ಧರ್ಮದ ಮಾತಾದರೆ ಅವನು ಯಾರ ಮೇಲೂ ಸಿಟ್ಟು ಮಾಡುವುದಿಲ್ಲ. ನಾಳೆ ತಾನಾಗಿಯೇ ಆಸ್ಪತ್ರೆಗೆ ಹೋಗ್ತಾನೆ ನೋಡು."

ತಾನು ಬಹಳ ಜಾಣತನದ ಕೆಲಸ ಮಾಡಿದೆ ಎಂದೇ ಅವನ ಮನಸ್ಸಿನಲ್ಲಿತ್ತು. ಹುಳದ ಹೊಟ್ಟೆಯೊಳಗೆ ಏನು ನಡೆಯುತ್ತದೆಂದು ತಿಳಿದವನಿಗೆ ಬಾಲ್ಯದಿಂದ ಪಕ್ಕದಲ್ಲೇ ಕುಳಿತ ಗೆಳೆಯನ ಸ್ವಭಾವ ತಿಳಿದಿರಲಿಲ್ಲ. ಕೋಯ ಮರುದಿನ ಹೋದದ್ದು ಆಸ್ಪತ್ರೆಗಲ್ಲ, ಹೆಂಡತಿ ನಬೀಸುಮ್ಮಳ ಊರಾದ ಮೊಗ್ರಾಲಿಗೆ. ಅಲ್ಲಿ ಅವರ ಮನೆತನದವರೆಲ್ಲ ಧರ್ಮದ ಸಂದೇಹ ಕೇಳುವ ವೃದ್ಧ ಉಸ್ತಾದರೊಬ್ಬರಿದ್ದರು. ಕೋಯ ಕುಂಟುತ್ತ ಬಸ್ಸು ಇಳಿದು, ಅವರ ಎದುರು ಕುಳಿತು, ಗೇರುಮರದ ಹುಳದಿಂದ ಹಿಡಿದು ಮೊಲದ ಬೆನ್ನಿನವರೆಗೆ ಎಲ್ಲವನ್ನೂ ವಿವರಿಸಿ, ಗಾಯದ ಮೇಲೆ ರೇಷ್ಮೆ ಹಾಕಬಹುದೋ ಎಂದು ಕೇಳಿದ. ಉಸ್ತಾದರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಲೂ ಇಲ್ಲವಂತೆ. ಮೈ ತುರಿಕೆಯಿಂದ ಕಷ್ಟಪಡುತ್ತಿದ್ದವರಿಗೆ ಹಿಂದಿನ ಕಾಲದಲ್ಲೇ ರೇಷ್ಮೆ ತೊಡಲು ಅನುಮತಿ ಸಿಕ್ಕಿದ್ದುಂಟು, ಶೋಕಿಗಾದರೆ ಆಗದು, ಮದ್ದಿಗಾದರೆ ಆಗುತ್ತದೆ, ಹೋಗಿ ಹಾಕಿಸಿಕೋ ಎಂದರು.

ಆ ಸಂಜೆ ಬೆಂಚಿನ ಮೇಲೆ ಕೋಯನ ಮುಖದಲ್ಲಿ ಹಬ್ಬದ ಕಳೆಯಿತ್ತು. "ನನ್ನ ಕಡೆಯಿಂದ ಪಾಸಾಯ್ತು ಡಾಕ್ಟ್ರೇ. ಇನ್ನು ನಿನ್ನದೇ ಬಾಕಿ."

ಹಿಲರಿ ಚಹಾದ ಲೋಟವನ್ನು ಬೆಂಚಿನ ಮೇಲಿಟ್ಟ. ನಾನು ಅವನನ್ನೇ ದಿಟ್ಟಿಸಿದೆ, ಈಗಲಾದರೂ ಹೇಳು ಎಂಬಂತೆ. ಅವನು ಕೆಮ್ಮಿ, ಕನ್ನಡಕ ಒರೆಸಿ, "ಒಂದು ವಾರ ಕೊಡು ಕೋಯ," ಎಂದ.

ಆ ವಾರ ಕಳೆಯಿತು, ಇನ್ನೊಂದೂ ಕಳೆಯಿತು. ಹಿಲರಿ ಬೆಂಚಿಗೆ ಬರುವುದನ್ನೇ ಬಿಟ್ಟ. ಕುಂಜತ್ತೂರಿನಲ್ಲಿ ಇಳಿಯುವ ಬದಲು ಒಂದು ನಿಲ್ದಾಣ ಮುಂದೆ ಇಳಿದು ಗದ್ದೆಯ ಬದುವಿನಲ್ಲಿ ನಡೆದು ಮನೆಗೆ ಹೋಗುತ್ತಿದ್ದನೆಂದು ನನಗೆ ತಿಳಿದದ್ದು ತಡವಾಗಿ. ಕೋಯ ಮಾತ್ರ ಕಾಲಿಗೆ ಬಟ್ಟೆ ಸುತ್ತಿಕೊಂಡು ನೆಮ್ಮದಿಯಿಂದ ಅಂಗಡಿಯಲ್ಲಿ ಕುಳಿತಿರುತ್ತಿದ್ದ. ಆಸ್ಪತ್ರೆಯ ಮಾತೆತ್ತಿದರೆ, "ಹಿಲರಿಯದ್ದು ಈಗ ಬರ್ತದೆ," ಎನ್ನುವನು. ಆಗಲೇ ನಾನೇ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳಿದೆ. "ಶಂಕರ, ನಿನಗೆ ಕನ್ನಡ ಗೊತ್ತುಂಟು, ಹುಳದ ವಿಷಯ ಎಂತ ಗೊತ್ತುಂಟು?" ಎಂದು ಕೋಯ ನನ್ನ ಬಾಯಿ ಮುಚ್ಚಿಸಿದ.

ಕೊನೆಗೆ ಒಂದು ಬೆಳಿಗ್ಗೆ ನಬೀಸುಮ್ಮ ಮಗ್ದಲಿನ್‌ಳ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಕೇಳಲಿಕ್ಕೆ ಬಂದವಳು ಅಳತೊಡಗಿದಳು.

"ಬಾಯಮ್ಮ, ಮನೆಯಲ್ಲಿ ಕೂತ್ಕೊಳ್ಳಲಿಕ್ಕೆ ಆಗುವುದಿಲ್ಲ, ಹಾಗೆ ವಾಸನೆ. ಬೆರಳು ಕಪ್ಪಾಗ್ತಾ ಉಂಟು. ಅವರು ಅತ್ತರು ಹಾಕಿ ಕೂತಿದ್ದಾರೆ. ನಿಮ್ಮವರ ಮದ್ದು ಯಾವಾಗ ಬರುವುದು ಹೇಳಿ."

ಮಗ್ದಲಿನ್ ನನ್ನ ಮನೆಗೆ ಓಡಿಬಂದಳು. "ಮಾಷ್ಟ್ರೇ, ಬನ್ನಿ ಒಮ್ಮೆ. ಇವರು ಬಾಗಿಲು ಹಾಕಿ ಕೂತಿದ್ದಾರೆ. ಕಾಲೇಜಿಗೂ ಹೋಗ್ಲಿಲ್ಲ. ಈ ಸೆಕೆಗೆ ಉದ್ದ ಕೈಯ ಅಂಗಿ ಹಾಕಿ ಮಲಗ್ತಾರೆ. ನನಗೆ ಹೆದರಿಕೆ ಆಗ್ತದೆ."

ನಾನು ಬಾಗಿಲು ತಟ್ಟಿ, ತೆಗೆಯದಿದ್ದರೆ ಊರನ್ನೇ ಕರೆಯುತ್ತೇನೆಂದು ಹೆದರಿಸಿದ ಮೇಲೆ ಹಿಲರಿ ತೆರೆದ. ಅಂಗಿಯ ಎಡತೋಳು ಮಡಚಿ ಕೈ ತೋರಿಸಿದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಕೆಂಪಾಗಿ ಊದಿಕೊಂಡು ನೀರುಗುಳ್ಳೆ ಎದ್ದಿತ್ತು. ಬ್ಲೇಡಿನಿಂದ ಗೀರಿಕೊಂಡು, ತನ್ನ ಪೊರೆಯನ್ನು ತನಗೇ ಹೊದಿಸಿಕೊಂಡಿದ್ದ ಈ ಮಹಾನುಭಾವ. ಒಮ್ಮೆ ತುರಿಕೆ ಬಂದಾಗ ತಯಾರಿಯಲ್ಲಿ ತಪ್ಪಿರಬೇಕೆಂದು ಮತ್ತೊಂದು ಪೊರೆ ಮಾಡಿ ಇನ್ನೊಂದು ಕಡೆ ಹೊದಿಸಿದ್ದ. ಅಲ್ಲಿಯೂ ಅದೇ ಗತಿ.

"ಅಂಟು ಪೂರ್ತಿ ಹೋಗಿಲ್ಲ ಶಂಕರ. ಹುಳದ ರೋಮದ ಚೂರೂ ಇರಬಹುದು. ಮೊಲಕ್ಕೆ ಗೊತ್ತಾಗ್ಲಿಲ್ಲ, ಅಥವಾ ಗೊತ್ತಾದದ್ದು ನನಗೆ ಗೊತ್ತಾಗ್ಲಿಲ್ಲ."

"ಇದನ್ನು ಅವನ ಕಾಲಿಗೆ ಹಾಕ್ತಿದ್ದೆಯಾ?"

"ನನಗೆ ಏನೂ ಆಗದಿದ್ದರೆ ಹಾಕ್ತಿದ್ದೆ." ಅವನು ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡ. "ಇಲ್ಲ ಅನ್ನುವ ಬದಲು ಹೇಗಾದರೂ ಇದನ್ನು ಸರಿ ಮಾಡುವ ಅಂತ ಮಾಡಿದೆ."

ನನಗೆ ಬಂದ ಸಿಟ್ಟಿಗೆ ಆ ಊದಿದ ಕೈಯನ್ನೇ ಹಿಡಿದು ಎಳೆಯಬೇಕೆನಿಸಿತು. ನಾನೇ ಹೋಗಿ ಕೋಯನಿಗೆ ತಿಳಿಸುತ್ತೇನೆ, ನೀನು ಡಾಕ್ಟರ ಹತ್ತಿರ ಹೋಗು ಎಂದೆ.

"ಬೇಡ," ಎಂದ ಹಿಲರಿ. ಅವನ ಬಾಯಿಂದ ಆ ಪದವನ್ನು ನಾನು ಕೇಳಿದ್ದು ಅದೇ ಮೊದಲು. "ನಾನೇ ಹೇಳ್ಬೇಕು."

ಕೋಯ ಅಂಗಡಿಯಲ್ಲಿ ಲಂಗದ ಬಟ್ಟೆ ಅಳೆಯುತ್ತಿದ್ದ. ಹಿಲರಿಯನ್ನು ಕಂಡದ್ದೇ ಗಿರಾಕಿಯನ್ನು ಕಳಿಸಿ, ಕಾಲಿನ ಬಟ್ಟೆ ಬಿಚ್ಚಲು ಬಗ್ಗಿದ. ಅದನ್ನು ನೋಡಲು ನನ್ನಿಂದಾಗಲಿಲ್ಲ. ಅತ್ತರಿನ ಘಮದ ಅಡಿಯಿಂದ ಕೊಳೆತ ವಾಸನೆ ಬರುತ್ತಿತ್ತು.

"ಬಿಚ್ಚಬೇಡ ಕೋಯ. ನಾನು ತಂದಿಲ್ಲ. ನನ್ನದು ಆಗುವುದಿಲ್ಲ." ಹಿಲರಿ ಅಂಗಿಯ ತೋಳು ಮೇಲೆ ಸರಿಸಿದ. "ಆ ದಿನವೂ ಆಗುತ್ತಿರಲಿಲ್ಲ. ನಿನ್ನ ಧರ್ಮದ ಮಾತು ನಾನು ನೆಪಕ್ಕೆ ಹೇಳಿದ್ದು. ಇಲ್ಲ ಅಂತ ಹೇಳ್ಲಿಕ್ಕೆ ನನಗೆ ಧೈರ್ಯ ಬರಲಿಲ್ಲ."

ಕೋಯ ನಿಧಾನವಾಗಿ ನೆಟ್ಟಗಾದ. ಅವನು ಸಿಟ್ಟುಗೊಂಡದ್ದನ್ನು ನಾನು ಅಷ್ಟು ವರ್ಷಗಳಲ್ಲಿ ಕಂಡಿರಲಿಲ್ಲ.

"ನಾನು ಉಸ್ತಾದರ ಎದುರು ಕೂತು ನಿನ್ನ ಹುಳದ ಕತೆ ಹೇಳಿದೆ. ನನ್ನ ದೋಸ್ತಿ ದೊಡ್ಡ ವಿಜ್ಞಾನಿ ಅಂತ ಹೇಳಿದೆ. ನೀನು ಆ ದಿನ ಇಲ್ಲ ಅಂದಿದ್ದರೆ ನಾನು ಬೈದು, ಅತ್ತು, ಮರುದಿನ ಆಸ್ಪತ್ರೆಗೆ ಹೋಗ್ತಿದ್ದೆ. ಕಾಲು ನನ್ನದು ಹಿಲರಿ. ಹೆದರಿಕೆ ನನಗೆ ಇರಬೇಕಾದ್ದು. ನೀನು ಎಂತಕ್ಕೆ ಹೆದರಿದ್ದು?"

ಹಿಲರಿ ತಲೆ ತಗ್ಗಿಸಿ ನಿಂತ. ಅವನ ಕಣ್ಣೀರು ಮೇಜಿನ ಮೇಲಿದ್ದ ಬಟ್ಟೆಯ ಮೇಲೆ ಬಿತ್ತು. ಕೋಯ ಬಟ್ಟೆಯನ್ನು ಬದಿಗೆ ಎಳೆದುಕೊಂಡ, ಅಭ್ಯಾಸಬಲದಿಂದ. ಆಮೇಲೆ ಆ ಊದಿದ ಕೈಯನ್ನು ಬಹಳ ಹೊತ್ತು ನೋಡಿದ.

"ಇದಕ್ಕೆ ಎಂತ ಹಚ್ಚಿದ್ದಿ?"

"ಎಂತ ಇಲ್ಲ."

"ಶಂಕರ, ಒಂದು ಕಾರು ಕರಿ," ಎಂದ ಕೋಯ ನನ್ನತ್ತ ತಿರುಗಿ. "ಇಬ್ಬರದ್ದೂ ಒಟ್ಟಿಗೆ ಆಗಲಿ."

ಹಿಂದಿನ ಸೀಟಿನಲ್ಲಿ ಅವರಿಬ್ಬರ ನಡುವೆ ನಾನು. ಗಡಿಯ ತಲಪಾಡಿ ದಾಟಿದೆವು. ಆಮೇಲೆ ಕೋಯ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ, "ತುರಿಕೆ ಇದ್ದವರಿಗೆ ರೇಷ್ಮೆ ಆಗ್ತದೆ ಅಂತ ಉಸ್ತಾದರು ಹೇಳಿದ್ರು. ರೇಷ್ಮೆಯಿಂದಲೇ ತುರಿಕೆ ಬಂದರೆ ಎಂತ ಮಾಡುವುದು ಅಂತ ಹೇಳ್ಲಿಲ್ಲ." ಡ್ರೈವರ್ ಒಬ್ಬನೇ ನಕ್ಕ.

ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ಹೋದವು. ಕಾಲು ಉಳಿಯಿತು. ಸ್ವಲ್ಪ ಮೊದಲೇ ಬಂದಿದ್ದರೆ ಒಂದರಲ್ಲಿ ಮುಗಿಯುತ್ತಿತ್ತು ಎಂದು ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು ವರಾಂಡದಲ್ಲಿ ಹೇಳಿದಾಗ ಕೇಳಿಸಿಕೊಂಡವರು ನಾವಿಬ್ಬರು, ನಾನು ಮತ್ತು ಹಿಲರಿ. ಕೈಗೆ ಬ್ಯಾಂಡೇಜು ಕಟ್ಟಿಸಿಕೊಂಡಿದ್ದ ಹಿಲರಿ ಗೋಡೆಗೆ ಒರಗಿ ಕುಳಿತುಬಿಟ್ಟ. ಅವನಿಗೆ ಸಮಾಧಾನ ಹೇಳುವ ಮನಸ್ಸು ನನಗಿರಲಿಲ್ಲ.

ಅವನು ದಿನಾ ಕಾಲೇಜು ಬಿಟ್ಟ ಮೇಲೆ ಆಸ್ಪತ್ರೆಗೆ ಹೋಗುತ್ತಿದ್ದ. ಕೋಯ ಮಾತಾಡಿಸುತ್ತಿರಲಿಲ್ಲ, ಆದರೆ ಅವನು ಬರುವ ಹೊತ್ತಿಗೆ ಬಾಗಿಲ ಕಡೆ ನೋಡುತ್ತಿದ್ದನೆಂದು ನಬೀಸುಮ್ಮ ಹೇಳಿದಳು. ಗಾಯ ಚೊಕ್ಕವಾಗಿ ಕೀವೆಲ್ಲ ನಿಂತ ಮೇಲೆ ಹೊಲಿಗೆ ಹಾಕಿದರು. ಮರುದಿನ ನರ್ಸಮ್ಮ ಬಟ್ಟೆ ಬದಲಿಸುವಾಗ ಕೋಯ ಬಗ್ಗಿ ಆ ಕಪ್ಪು ನೂಲನ್ನು ನೋಡಿದ. ಜವಳಿ ವ್ಯಾಪಾರಿಯ ಕಣ್ಣು ಸುಮ್ಮನಿದ್ದೀತೆ?

"ಸಿಸ್ಟರ್, ಇದು ಎಂತ ನೂಲು?"

"ಸಿಲ್ಕ್," ಎಂದಳು ಆಕೆ.

ಕೋಯ ಮಂಚ ಅಲುಗುವಂತೆ ನಕ್ಕನಂತೆ. ಆ ಸಂಜೆ ಹಿಲರಿ ಒಳಗೆ ಬರುತ್ತಲೇ ಕಾಲು ಎತ್ತಿ ತೋರಿಸಿದ. "ನೋಡು, ಉಸ್ತಾದರ ಅನುಮತಿ ದಂಡವಾಗಲಿಲ್ಲ. ಹುಳ ಅಂತೂ ನನ್ನ ಕಾಲಿಗೆ ಬಂತು. ನಿನ್ನದಲ್ಲ, ಅಷ್ಟೆ." ಹಿಲರಿ ಆ ಮಂಚದ ಅಂಚಿನಲ್ಲಿ ಕುಳಿತು ಸಣ್ಣ ಹುಡುಗನ ಹಾಗೆ ಅತ್ತ. ಕೋಯ ಅವನ ಬೆನ್ನು ತಟ್ಟಲಿಲ್ಲ, ಆದರೆ ಯೂಸುಫ್ ಕಳಿಸಿದ್ದ ಖರ್ಜೂರದ ಡಬ್ಬಿಯನ್ನು ಅವನತ್ತ ತಳ್ಳಿದ. ತನಗೆ ತಿನ್ನುವ ಹಾಗಿರಲಿಲ್ಲವಲ್ಲ.

ಹಿಲರಿ ಸಂಶೋಧನೆ ಬಿಡಲಿಲ್ಲ. ಗೂಡನ್ನು ಕುದಿಸುವ ಮೊದಲು ಕೊಡವುವುದು, ತೊಳೆಯುವುದು, ಸೋಸುವುದು, ಅಂಟು ಉಳಿದಿದೆಯೇ ಎಂದು ಪರೀಕ್ಷಿಸುವುದು, ಹೀಗೆ ಮತ್ತೆ ಮೊದಲಿನಿಂದ ಶುರುಮಾಡಿದ. ತನ್ನ ಕೈಗೆ ಆದದ್ದನ್ನೂ ಲೇಖನದಲ್ಲಿ ಬರೆದು ಪ್ರಕಟಿಸಿದ. ಯಾರ ಕೈ ಎಂದು ಮಾತ್ರ ಬರೆಯಲಿಲ್ಲ. ಅವನಲ್ಲಿ ಇನ್ನೊಂದು ಬದಲಾವಣೆಯೂ ಆಯಿತು, ಅದು ಊರಿಗೆ ಅಷ್ಟು ಹಿಡಿಸಲಿಲ್ಲ. ಮದುವೆಗೆ ಕರೆದರೆ "ಬರ್ಲಿಕ್ಕೆ ಆಗುವುದಿಲ್ಲ" ಎಂದು ಬಾಗಿಲಲ್ಲೇ ಹೇಳತೊಡಗಿದ. ಗಾಯನ ಮಂಡಳಿಯನ್ನು ಬಿಟ್ಟ. ಹಾಡಿನಲ್ಲಿ ಏನೂ ವ್ಯತ್ಯಾಸ ಆಗಲಿಲ್ಲವೆಂದು ಪಾದ್ರಿಗಳು ಆಶ್ಚರ್ಯಪಟ್ಟರು. ಇನ್ನೊಂದು ಮೀನು ಹಾಕಲೇ ಎಂದು ಕೇಳಿದ ಮಗ್ದಲಿನ್‌ಗೂ ಅದೇ ಬಿಗಿ ದನಿಯಲ್ಲಿ ಬೇಡ ಎಂದು ಹೇಳಿ, ಆಮೇಲೆ ಆಸೆಯಿಂದ ಪಾತ್ರೆ ನೋಡುತ್ತಿದ್ದನಂತೆ.

ಎರಡು ಸಾವಿರದ ಇಸವಿಯ ಹೊತ್ತಿಗೆ ಅವನ ಪೊರೆಯಿಂದ ತುರಿಕೆ ಬರುತ್ತಿರಲಿಲ್ಲ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸಣ್ಣಪುಟ್ಟ ಸುಟ್ಟಗಾಯಗಳ ಮೇಲೆ ಹಾಕಿ ನೋಡಲು ಅಲ್ಲಿನ ಸಮಿತಿ ಒಪ್ಪಿತ್ತು. ಅದನ್ನು ನಮಗೆ ತಿಳಿಸುವಾಗ ಹಿಲರಿ ಮೊದಲಿನ ಹಾಗೆ ಬಣ್ಣಿಸಲಿಲ್ಲ. "ನೋಡ್ಬೇಕು, ಇನ್ನೂ ಗೊತ್ತಿಲ್ಲ," ಎಂದಷ್ಟೇ ಹೇಳಿ ಚಹಾ ಕುಡಿದ. ಅವನ ತಲೆ ಪೂರ್ತಿ ನರೆತಿತ್ತು.

ಆ ಡಿಸೆಂಬರಿನ ಒಂದು ಸಂಜೆ ಕೋಯ ಚಹಾ ಮುಗಿಸಿ, ಸುತ್ತ ನೋಡಿ, ಎಡಗಾಲಿನ ಚಪ್ಪಲಿ ಕಳಚಿದ. ಹೆಬ್ಬೆರಳಿನ ಬದಿಯಲ್ಲಿ ಒಂದು ಗುಳ್ಳೆ. ನಬೀಸುಮ್ಮಳಿಗೂ ತೋರಿಸಿರಲಿಲ್ಲ.

"ನಿನ್ನೆ ಎದ್ದದ್ದು," ಎಂದ ಕೋಯ. ದನಿ ತಗ್ಗಿತ್ತು. "ಹಿಲರಿ, ಈಗಲಾದರೂ ನಿನ್ನದು ನನಗೆ ಆಗ್ತದಾ?"

"ಇಲ್ಲ," ಎಂದ ಹಿಲರಿ.

"ಎಂತ ಮಾರಾಯ, ಸ್ವಲ್ಪ ಆಲೋಚನೆ ಮಾಡಿಯಾದರೂ ಹೇಳಬಾರದಾ?"

ಹಿಲರಿ ಆಗಲೇ ರಸ್ತೆಗೆ ಇಳಿದು ಮಂಗಳೂರಿನ ಬಸ್ಸಿಗೆ ಕೈ ಅಡ್ಡ ಹಿಡಿದಿದ್ದ. ಕೋಯ ನಗುತ್ತ, ಕಣ್ಣೊರೆಸಿಕೊಳ್ಳುತ್ತ ನನ್ನ ಭುಜ ಹಿಡಿದು ಎದ್ದ. ಅಂಗಡಿಯ ಬಾಗಿಲು ಹಾಕುವ ಕೆಲಸ ನನಗೆ ಬಿತ್ತು. ಆ ಎಡಗಾಲು ಇಂದಿಗೂ ಕೋಯನ ಹತ್ತಿರವೇ ಉಂಟು, ಐದೂ ಬೆರಳು ಸಮೇತ.